ರೊಟ್ಟಿ ಕೇಂದ್ರದ ವೆಬ್‌ಸೈಟಿನಲ್ಲಿ ನನ್ನ ಫೋಟೊ

ಖಾಲಿ ಜಾಗ ಕಂಡರೆ ಅಲ್ಲೊಂದು ಫೋಟೊ ಹಚ್ಚಬೇಕೆನ್ನಿಸುವ ಕಾಯಿಲೆ ನಮ್ಮ ಶಹಾಪುರದವರಿಗೆಲ್ಲ ಸ್ವಲ್ಪಸ್ವಲ್ಪ ಇದೆ. ನನಗೆ ತುಸು ಹೆಚ್ಚು. ಕೂಸಿನ ಜವಳವಿರಲಿ, ಹೊಸ ಟ್ರ್ಯಾಕ್ಟರಿರಲಿ, ಬಸ್ ಸ್ಟ್ಯಾಂಡಿನ ಎದುರು ಬ್ಯಾನರ್ ಏಳುತ್ತದೆ. ಮೇಲೆ ದೇವರು, ಪಕ್ಕದಲ್ಲಿ ಮಠದ ಅಜ್ಜನವರು, ನಡುವೆ ಕೈಮುಗಿದ ದೊಡ್ಡವರು, ಕೆಳಗೆ ಸಾಲಾಗಿ ಶುಭ ಕೋರುವವರು. ಇಷ್ಟು ಜನರ ನಡುವೆ ಜವಳದ ಕೂಸನ್ನು ಹುಡುಕಿ ತೆಗೆಯುವ ಕೆಲಸ ನೋಡುವವರದು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಹಿರಿತನದ ಪಟ್ಟಿ ಮಾಡುವುದು ಕರತಲಾಮಲಕ. ಯಾರ ಫೋಟೊ ಯಾರಿಗಿಂತ ಮೇಲಿರಬೇಕೆಂದು ಕೇಳಲು ಓಣಿಯ ಜನ ನಮ್ಮ ಮನೆಗೇ ಬರುತ್ತಿದ್ದರು. ಹೀಗಿರುವಾಗ ನನ್ನ ಹೆಂಡತಿ ಶಾಂತಾ ತನ್ನ ರೊಟ್ಟಿ ಕೇಂದ್ರಕ್ಕೊಂದು ವೆಬ್‌ಸೈಟ್ ಬೇಕು ಎಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ರೊಟ್ಟಿ ಕೇಂದ್ರವೆಂದರೆ ನಮ್ಮ ಮನೆಯ ಪಡಸಾಲೆಯೇ. ಏಳು ಜನ ಹೆಣ್ಣುಮಕ್ಕಳು ಕೂತು ಜೋಳದ ಕಟಿರೊಟ್ಟಿ, ಅಂದರೆ ಬಹಳ ದಿನ ಕೆಡದ ಒಣರೊಟ್ಟಿ, ಬಡಿಯುತ್ತಾರೆ. ಆದರೆ ಅವರ ಪಂಚಾಂಗ ಕಾಲುವೆಯದು. ಕಾಲುವೆಗೆ ನೀರು ಬಿಟ್ಟರೆ ಎಲ್ಲರೂ ಭತ್ತದ ಗದ್ದೆಗೆ ನಾಟಿಗೆ, ಕಳೆಗೆ ಹೋಗುತ್ತಾರೆ. ಆಗ ನಮ್ಮ ಹಂಚು ತಣ್ಣಗೆ. ಕಾಲುವೆ ಬಂದ್ ಆದರೆ ಗದ್ದೆಯಲ್ಲಿ ಕೆಲಸವಿಲ್ಲ; ಆಗ ರೊಟ್ಟಿಗೆ ಗಿರಾಕಿ ಬೇಕೇ ಬೇಕು. ಇಲ್ಲದಿದ್ದರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ನಡೆದುಬಿಡುತ್ತಾರೆ. ಆ ವರ್ಷ ನಮ್ಮ ಓಣಿಯ ನಿಂಗಮ್ಮನನ್ನು ಮೇಸ್ತ್ರಿಯೊಬ್ಬ ಕರೆಯುತ್ತಿದ್ದ. ಅವಳು ಬಡಿದ ರೊಟ್ಟಿ ಎಷ್ಟು ತೆಳ್ಳಗೆಂದರೆ, ಅದರಾಚೆ ಕೂತವರ ಮೀಸೆ ಕಾಣುತ್ತದೆ ಎಂದು ಶಾಂತಾ ಹೇಳುತ್ತಾಳೆ.

"ಅಕ್ಕಾರ, ಇಲ್ಲೇ ಕೆಲಸ ಸಿಕ್ಕರ ಮಕ್ಕಳ ಸಾಲಿ ಬಿಡಿಸಿ ನಾ ಯಾಕ ಹೋಗ್ಲಿರಿ? ಕಾಲುವಿ ಬಂದ್ ಆಗೂದ್ರೊಳಗ ಹೇಳ್ರಿ," ಎಂದಿದ್ದಳು ನಿಂಗಮ್ಮ.

ಶಾಂತಾ ನನ್ನ ಕಡೆ ನೋಡಿದಳು. ನಾನು ಎದೆ ಉಬ್ಬಿಸಿ ವೆಬ್‌ಸೈಟ್ ಮಾಡಿಸಿದೆ. ಮೇಲೆ ದೇವರು, ಅಜ್ಜನವರು. ಎಡಕ್ಕೆ ನಮ್ಮ ಮಾವನವರು. ಬಲಕ್ಕೆ ಹಿಟ್ಟಿನ ಗಿರಣಿ ಕೊಡಿಸಿದ ಸುರಪುರದ ಅಳಿಯ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಶಾಂತಾಳ ತಮ್ಮ. ನಡುವೆ ಕೋಟು ತೊಟ್ಟು ಕೈಮುಗಿದ ನಾನು. ಸುತ್ತ ಚೆಂಡುಹೂವಿನ ಅಂಚು. ಶುಭ ಕೋರುವವರು ಹದಿನೆಂಟು ಜನ. ಎಲ್ಲರನ್ನೂ ದಾಟಿ ಕೆಳಗಿಳಿದರೆ ಒಂದು ಮೂಲೆಯಲ್ಲಿ ರೊಟ್ಟಿ.

ಫೋನುಗಳೇನೋ ಬಂದವು. ಯಾವ ವಾರ್ಡಿಗೆ ನಿಂತಿದ್ದೀರಿ ಎಂದು ಒಬ್ಬರು ಕೇಳಿದರು. ಯಾದಗಿರಿಯ ಹಳೆಯ ಸಹೋದ್ಯೋಗಿಯೊಬ್ಬರು ಚೆಂಡುಹೂವು ನೋಡಿ ಗಾಬರಿಯಾಗಿ ಶಾಂತಾಳ ನಂಬರಿಗೆ ಹಚ್ಚಿ, "ಅವ್ವಾರ, ಸಾಹೇಬ್ರು ಯಾವಾಗ ತೀರಿಕೊಂಡ್ರು? ನಮಗ ಸುದ್ದಿನೇ ಇಲ್ಲ," ಎಂದು ಗದ್ಗದಿತರಾದರು. ಆರಾಮ ಇದ್ದಾರೆ, ಈಗಷ್ಟೇ ಉಂಡು ಮಲಗಿದ್ದಾರೆ ಎಂದು ಇವಳು ಸಮಾಧಾನ ಹೇಳಬೇಕಾಯಿತು. ರೊಟ್ಟಿ ಬೇಕೆಂದವರು ಒಬ್ಬರೂ ಇಲ್ಲ.

ನಮ್ಮ ಹಿತ್ತಲಿಗೆ ಹೊಂದಿದ ಮನೆಯ ರುಕ್ಸಾನಾ ಟೀಚರ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಶಾಂತಾ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋಗಿ ತೋರಿಸಿದಳು. ಟೀಚರ್ ಫೋನನ್ನು ತಮ್ಮ ಅತ್ತೆಯ ಕೈಗಿಟ್ಟು, ಇದರಲ್ಲಿ ಹತ್ತು ರೊಟ್ಟಿ ತರಿಸಿ ನೋಡೋಣ ಎಂದರು. ಮುದುಕಿ ಬೆರಳಾಡಿಸಿದಳು, ಇವರು ಯಾರು, ಅವರು ಯಾರು ಎಂದು ವಿಚಾರಿಸಿದಳು, ಕೊನೆಗೆ, "ಬೆರಳ ನೋಯಾಕತ್ತಾವ ಬೇಟಿ. ನಾನೇ ಎದ್ದು ಹೋಗಿ ತರ್ತೀನಿ ಬಿಡು," ಎಂದು ಚಪ್ಪಲಿ ಮೆಟ್ಟಿಕೊಂಡಳು.

"ಸರ್, ಮೊದಲ ಪುಟದಾಗ ಒಂದು ರೊಟ್ಟಿ, ಒಂದು ಫೋನ್ ನಂಬರ್ ಸಾಕ್ರಿ. ಮಂದಿನ್ನ ತಗೀರಿ," ಎಂದರು ಟೀಚರ್. ಅವತ್ತೇ ಸಂಜೆ, ಗದ್ದೆಯಿಂದ ಬಂದ ನಿಂಗಮ್ಮ ತನ್ನ ಮನೆಗೆಂದು ಬಡಿದು ಹಂಚಿಗೆ ಹಾಕಿದ ರೊಟ್ಟಿಯ ಫೋಟೊವನ್ನೂ ತೆಗೆದುಕೊಂಡರು.

ತೆಗೆಯುವುದೆಂದರೆ ಸುಲಭವೇ? ಬಂಧುತ್ವ ಮುರಿದೇ ಹೋಯಿತೆಂದುಕೊಂಡು ಅಳುಕುತ್ತಲೇ ಅಳಿಯನಿಗೆ ಫೋನ್ ಮಾಡಿದೆ. ಅವನು ನಕ್ಕುಬಿಟ್ಟ. "ತಗೀರಿ ಮಾಮಾ. ರೊಟ್ಟಿ ಖರ್ಚಾದ್ರ ನಾ ಕೊಡಿಸಿದ ಗಿರಣಿ ತಿರುಗ್ತದ, ನನ್ನ ಮಾರಿ ನೋಡಿ ಯಾರು ರೊಟ್ಟಿ ಕೊಳ್ತಾರ?" ಮಾವನವರು ತಮ್ಮ ಫೋಟೊ ಇದ್ದದ್ದೇ ಗೊತ್ತಿಲ್ಲವೆಂದರು. ಶುಭ ಕೋರುವವರಲ್ಲಿ ಒಬ್ಬರೂ ಚಕಾರವೆತ್ತಲಿಲ್ಲ. ಒಂದೇ ದಿನದಲ್ಲಿ ಪುಟ ಬರಿದಾಗಿ, ಕೋಟು ತೊಟ್ಟವನೊಬ್ಬ ಉಳಿದ.

ಇಲ್ಲಿ ನನ್ನ ಕಚೇರಿಯ ಬುದ್ಧಿ ಎದ್ದು ಕೂತಿತು. ಚಿಕ್ಕದು ಮಾಡಿದರೆ ಹೇಗೆ ಎಂದೆ. ಟೀಚರ್ ಚಿಕ್ಕದು ಮಾಡಿ ತಂದರು. ಮೂಲೆಗಿಟ್ಟರೆ? ಮೂಲೆಗಿಟ್ಟರು. ದುಂಡಗೆ ಕತ್ತರಿಸಿದರೆ ರೊಟ್ಟಿಗೂ ಹೊಂದುತ್ತದಲ್ಲ ಎಂದೆ. ಶಾಂತಾ ಕೇಳಿದಾಗಲೆಲ್ಲ, ಪರಿಶೀಲನೆಯಲ್ಲಿದೆ ಎಂದು ಉತ್ತರಿಸಿದೆ. ಹೀಗೆ ಎಂಟು ದಿನ ಹೋದವು. ಒಂಬತ್ತನೆಯ ದಿನ ಕಾಲುವೆ ಬಂದ್ ಆಯಿತು.

ನಿಂಗಮ್ಮ ಗಂಟುಮೂಟೆಯೊಂದಿಗೆ ಬಾಗಿಲಿಗೆ ಬಂದಳು, ಹಿಂದೆ ಎರಡು ಮಕ್ಕಳು. "ಮೇಸ್ತ್ರಿಗಿ ಮಾತ ಕೊಟ್ಟೀನ್ರಿ ಅಣ್ಣಾರ. ಹೋಗಿ ಬರ್ತೀನಿ," ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ನನಗೆ ಅಲ್ಲೇ ಭೂಮಿಗಿಳಿದು ಹೋದಂತಾಯಿತು. ಮಕ್ಕಳ ಮುಖ ನೋಡಲಾಗದೆ ಒಳಗೆ ಹೋಗಿ, ಟೀಚರಿಗೆ ಫೋನ್ ಮಾಡಿ, ನನ್ನದನ್ನೂ ತೆಗೆಯಿರಿ ಎಂದೆ.

ಒಂದು ರೊಟ್ಟಿ, ಒಂದು ನಂಬರ್. ವಾರದೊಳಗೆ ಹೈದರಾಬಾದಿನ ಹಾಸ್ಟೆಲೊಂದು ದಿನನಿತ್ಯ ರೊಟ್ಟಿ ಬೇಕೆಂದಿತು. ಹಿಂದೆಯೇ ಇನ್ನೆರಡು ಊರಿನಿಂದ ಬೇಡಿಕೆ. ಉಳಿದ ಆರು ಜನ ಊರಲ್ಲೇ ನಿಂತರು. ಶಾಂತಾ ನಿಂಗಮ್ಮನಿಗೆ ಫೋನ್ ಹಚ್ಚಿದಳು. ಆಕೆ, "ಕೆಲಸ ನಡುವ ಬಿಟ್ಟು ಬರಾಕ ಆಗಂಗಿಲ್ಲ ಅಕ್ಕಾರ. ಕಾಲುವಿಗಿ ನೀರು ಬಿಟ್ಟಾಗ ಬರ್ತೀನಿ," ಎಂದಳಂತೆ. ನೀರು ಬಿಟ್ಟಾಗ ನಮ್ಮಲ್ಲಿ ರೊಟ್ಟಿ ಬಡಿಯುವುದಿಲ್ಲ.

ತಿಂಗಳಾದ ಮೇಲೆ ಹಾಸ್ಟೆಲಿನವರು ಬರೆದರು: ರೊಟ್ಟಿ ರುಚಿಯಾಗಿವೆ, ಆದರೆ ಫೋಟೊದಲ್ಲಿ ಕಂಡಷ್ಟು ತೆಳ್ಳಗಿಲ್ಲ. ಉತ್ತರ ಬರೆಯಲು ಶಾಂತಾ ನನಗೆ ಹೇಳಿದಳು. ಪಶ್ಚಾತ್ತಾಪ ನನ್ನೊಳಗೆ ಕುದಿಯುತ್ತಿತ್ತು. ಕೂತು, ಒಂದೇ ಉಸಿರಿಗೆ ಎರಡು ಪುಟ ಬರೆದೆ. ನನ್ನ ಮೂವತ್ತು ವರ್ಷದ ಸೇವೆ, ನನ್ನ ಕೀರ್ತಿಯ ಆಸೆ, ನನ್ನ ಎಂಟು ದಿನದ ವಿಳಂಬ, ನನ್ನ ಕಣ್ಣು ತೆರೆದ ಬಗೆ, ಏನನ್ನೂ ಮುಚ್ಚಿಡಲಿಲ್ಲ. ಓದಿ ನನಗೇ ಕಣ್ಣೀರು ಬಂತು.

ಶಾಂತಾ ಹಂಚಿನ ಮುಂದೆ ಕೂತೇ ಎರಡೂ ಪುಟ ಓದಿದಳು. ಹಿಟ್ಟಿನ ಬೆರಳಿನಿಂದ ಸಾಲುಗಳನ್ನು ಮತ್ತೊಮ್ಮೆ ತಡವಿದಳು.

"ಎಲ್ಲಾ ಛಂದ ಬರ್ದೀರಿ," ಎಂದಳು. "ನಿಂಗಮ್ಮನ ಹೆಸರು ಎಲ್ಲಿ ಅದರಿ ಇದ್ರಾಗ?"

ಕನ್ನಡಕ ಹಾಕಿಕೊಂಡು ಹುಡುಕಿದೆ. ಎಲ್ಲೂ ಇರಲಿಲ್ಲ. ಕೆಳಗೆ ನನ್ನ ಸಹಿ ಮಾತ್ರ, ಅಡಿಗೆರೆ ಸಮೇತ, ದೊಡ್ಡದಾಗಿತ್ತು.