ಕುದುರೆ ಸವಾರನ ಸೂತಕ

ಯಾರು ಇದ್ದಾರೆ, ಯಾರು ಹೋದರು ಎಂಬ ವಿಷಯದಲ್ಲಿ ಮನುಷ್ಯನಿಗೆ ಒಂದು ಖಾತ್ರಿ ಇರಬೇಕು. ಇಲ್ಲದಿದ್ದರೆ ಇದ್ದವರಿಗಾಗಿ ಅಳುವುದು, ಹೋದವರಿಗೆ ದೀಪಾವಳಿಯ ಶುಭಾಶಯ ಕಳಿಸುವುದು, ಇಂಥ ಫಜೀತಿಗಳು ಆಗುತ್ತವೆ. ನಮ್ಮ ಸ್ವಂತ ಬಳಗದ ಮಟ್ಟಿಗೆ ನನಗೆ ಆ ತೊಂದರೆಯಿಲ್ಲ. ಬಳಗದಲ್ಲಿ ಯಾರಾದರೂ ತೀರಿಕೊಂಡರೆ ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ, ನಾನು ಮಣ್ಣಿಗೆ ಹೋಗಿ ಬರುತ್ತೇನೆ. ನನ್ನ ಗೊಂದಲವೆಲ್ಲ ಇಟಲಿ, ಸ್ಪೇನ್, ಜರ್ಮನಿ ಕಡೆಯವರದು. ಅಲ್ಲಿ ನಿಮಗೆ ಯಾರಿದ್ದಾರೆ ಎಂದು ಕೇಳಬಹುದು. ಇದ್ದಾರೆ. ತಲೆಗೆ ಅಗಲ ಟೊಪ್ಪಿಗೆ, ಸೊಂಟಕ್ಕೆ ಪಿಸ್ತೂಲು, ವಾರದ ಗಡ್ಡ, ಬಿಸಿಲಿಗೆ ಕಿರಿದಾದ ಕಣ್ಣು, ಹೀಗೆ ಇರುವ ಒಂದು ದೊಡ್ಡ ಬಳಗವೇ ಇದೆ. ಅವರಿಗೆ ನಾನು ಗೊತ್ತಿಲ್ಲ ಎನ್ನುವುದನ್ನು ಬಿಟ್ಟರೆ ಸಂಬಂಧ ಗಟ್ಟಿಯಾದದ್ದೇ.

ನಾನು ಮುಂಡರಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವನು. ಈಗ ಬೆಟಗೇರಿಯಲ್ಲಿ ಮನೆ. ಗದುಗಿನಲ್ಲಿ ಕಾಲೇಜು ಓದುತ್ತಿದ್ದಾಗ ನಾನು, ಗೆಳೆಯ ರುದ್ರಪ್ಪ ಇಬ್ಬರೂ ಟಾಕೀಸಿನ ಮಾರ್ನಿಂಗ್ ಶೋಗೆ ತಪ್ಪದೆ ಹೋಗುತ್ತಿದ್ದೆವು. ನೋಡುತ್ತಿದ್ದುದು ಕುದುರೆ ಪಿಚ್ಚರುಗಳು. ಆ ಒಣ ಬಯಲು, ಆ ಬೋಳು ಗುಡ್ಡ ನೋಡಿದರೆ ಕಪ್ಪತ್ತಗುಡ್ಡದ ಬೆನ್ನಿಗೆ ಡೇರೆ ಹೊಡೆದು ತೆಗೆದಿದ್ದಾರೇನೋ ಅನ್ನಿಸುತ್ತಿತ್ತು. ಅದು ಅಮೆರಿಕಾ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಒಂದು ದಿನ ಮಗಳು ಸುಧಾ ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಇವ್ರು ಅಮೆರಿಕಾದವ್ರಲ್ಲ. ಇಟಲಿ ಮಂದಿ ಸ್ಪೇನಿಗೆ ಹೋಗಿ ತಗದಿದ್ದು ಇವು" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಅದಕ್ಕಿಂತ ದೊಡ್ಡ ಆಘಾತ ಹೆಸರುಗಳದು. ಪಿಚ್ಚರು ಮಾರಾಟವಾಗಲಿ ಎಂದು ಆ ಪುಣ್ಯಾತ್ಮರೆಲ್ಲ ಅಮೆರಿಕಾದ ಹೆಸರು ಇಟ್ಟುಕೊಂಡಿದ್ದರಂತೆ. ಮನೆಯಲ್ಲಿ ಒಂದು ಹೆಸರು, ಪೋಸ್ಟರಿನ ಮೇಲೆ ಇನ್ನೊಂದು. ನಿರ್ದೇಶಕರಲ್ಲಿ ಕೆಲವರಿಗೆ ಮೂರು. ಮಾತು ಬೇರೆ ಯಾರದೋ ಬಾಯಿಂದ. ಇಂಥವನು ಸತ್ತರೆ ಸತ್ತವನು ಯಾರು ಎಂದು ಹೇಗೆ ತಿಳಿಯಬೇಕು?

ಆದರೂ ಬಿಡದೆ ನಾನೊಂದು ನೋಟುಬುಕ್ಕು ಇಟ್ಟೆ. ಹೋದವರ ಹೆಸರು ಬರೆದು, ಮುಂದೆ ಒಂದೊಂದು ಒಳ್ಳೆಯ ಮಾತು ಸೇರಿಸುವುದು ನನ್ನ ಪದ್ಧತಿ. ಒಬ್ಬ ನಿರ್ದೇಶಕ ಮೂರು ಹೆಸರಿನಲ್ಲಿ ಮೂರು ಪುಟಗಳಲ್ಲಿ ಸತ್ತಿದ್ದಾನೆ, ಮೂರೂ ಸಲ ನನಗೆ ಮನಸಾರೆ ದುಃಖವಾಗಿದೆ. ಇನ್ನೊಬ್ಬ ನಟನನ್ನು ಬರೆದ ಮೇಲೆ ಅವನು ಮುದುಕನ ಪಾತ್ರದಲ್ಲಿ ಕಾಣಿಸಿಕೊಂಡ. ತಪ್ಪಾಯಿತೆಂದು ಹೊಡೆದು ಹಾಕಿದೆ. ಆಮೇಲೆ ಅವನು ನಿಜವಾಗಿಯೇ ಹೋದ. ಈಗ ಅವನ ಹೆಸರಿನ ಜಾಗದಲ್ಲಿ ಬರೀ ಗೀಟುಗಳೇ ಇವೆ.

ಇಂಥ ನನಗೆ ಹೋದ ತಿಂಗಳು ಒಂದು ಮುಂಜಾನೆ ರುದ್ರಪ್ಪನ ಮೆಸೇಜು ಬಂತು. ಅವನೀಗ ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳ ನಡುವೆ ಬರೆಯುವುದರಿಂದ ಅವನ ಬರಹ ಯಾವಾಗಲೂ ಮೊಟಕು. "ನಮ್ಮಾಂವ ಹ್ವಾದ" ಎಂದಷ್ಟೇ ಇತ್ತು. ಫೋನ್ ಹಚ್ಚಿ ಯಾರಲೇ ಅಂದೆ. "ಅವನಲೇ, ಕಡೀಕ ಧೂಳಾಗ ಬಿದ್ದು ಸಾಯ್ತಾನಲ್ಲ, ಅಂವಾ. ಗಿರಾಕಿ ಅದಾರ, ಇಡತೀನಿ" ಎಂದು ಇಟ್ಟೇಬಿಟ್ಟ. ಆ ಪಿಚ್ಚರುಗಳಲ್ಲಿ ಧೂಳಿನಲ್ಲಿ ಬಿದ್ದು ಸಾಯದವರು ಯಾರಿದ್ದಾರೆ? ಆದರೂ ನನ್ನ ಕಣ್ಣ ಮುಂದೆ ಒಂದೇ ಮುಖ ಬಂತು: ಹದ್ದಿನ ಮೂಗಿನ ಆ ಖಳನಾಯಕ. ಕಾಲೇಜಿನಲ್ಲಿ ಎರಡನೇ ಸಲ ಫೇಲಾದ ದಿನ ಮನೆಗೆ ಹೋಗಲು ಮುಖವಿಲ್ಲದೆ ನಾನು ಅವನ ಪಿಚ್ಚರಿಗೆ ಹೋಗಿ ಕೂತಿದ್ದೆ. ಅವನೂ ಎಲ್ಲ ಕಡೆ ಸೋತು ಬಂದಿದ್ದ. ಇದ್ದ ನೀರನ್ನು ಮೊದಲು ಕುದುರೆಗೆ ಕುಡಿಸಿ, ಉಳಿದದ್ದನ್ನು ತಾನು ಕುಡಿದ. ಅದನ್ನು ನೋಡಿ ನಾನು ಎದ್ದು ಮನೆಗೆ ಹೋದೆ. ಅಪ್ಪನ ಬೈಗುಳ ಅವತ್ತು ಅಷ್ಟೇನೂ ಹತ್ತಲಿಲ್ಲ. ಅಂಥವನು ಹೋದ ಅಂದರೆ ನನಗೆ ನಿಜವಾಗಿಯೂ ದುಃಖವಾಯಿತು.

ಮನೆಯಲ್ಲಿ ಹೇಳುವಂತಿರಲಿಲ್ಲ. ಬರುವ ಸೋಮವಾರವೇ ಸುಧಾಳ ನಿಶ್ಚಯ. ಮೂರು ಕಡೆ ಮಾತು ಬಂದು ಮುರಿದ ಮೇಲೆ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಶಿವನಗೌಡರ ಮಗನನ್ನು ಸುಧಾ ತಾನಾಗಿಯೇ ಒಪ್ಪಿದ್ದಳು. ಆ ಹುಡುಗನ ಫೋನ್ ಬಂದರೆ ಅವಳು ಮಾಳಿಗೆ ಹತ್ತುವ ಚಂದ ನೋಡಿಯೇ ನಮಗೆ ಹೊಟ್ಟೆ ತುಂಬುತ್ತಿತ್ತು. ಸೋಮವಾರ ದಾಟಿದರೆ ಆಷಾಢ ಹಿಡಿಯುತ್ತದೆ. ಮನೆ ತುಂಬ ಸೀರೆ, ಉಂಡಿ, ಓಡಾಟ. ಅದರ ನಡುವೆ ಇಟಲಿಯವನಿಗಾಗಿ ಅಳುತ್ತ ಕೂತರೆ ಶಾಂತಾ ಅದೇ ನೋಟುಬುಕ್ಕಿನಲ್ಲಿ ನನಗೂ ಒಂದು ಪುಟ ತೆರೆಯುತ್ತಿದ್ದಳು.

ಆದರೆ ನಮ್ಮ ಊರಲ್ಲಿ ಸರ್ಕಲಿನಲ್ಲಿ ಫ್ಲೆಕ್ಸ್ ಏಳುವವರೆಗೆ ಯಾರ ಸಾವೂ ಪೂರ್ತಿಯಾಗುವುದಿಲ್ಲ. ಅವನಿಗೂ ಒಂದು ಆಗಲಿ ಎಂದು ಮಂಜುವಿನ ಫ್ಲೆಕ್ಸ್ ಅಂಗಡಿಗೆ ಹೋದೆ. ಮಂಜು ಫೋಟೋ ನೋಡಿ ಮುಖ ಹಿಂಡಿದ. "ಕಾಕಾ, ಟೊಪ್ಪಿಗಿ ಇದ್ರ ಶ್ರದ್ಧಾಂಜಲಿಗೆ ಚಲೋ ಕಾಣಂಗಿಲ್ರಿ. ಮಂದಿ ನಾಟಕದ ಬ್ಯಾನರ್ ಅಂತಾರ. ಬಾಯಾಗ ಸಿಗರೇಟ್ ಬ್ಯಾರೆ ಐತಿ." ಹೌದು ಅನ್ನಿಸಿತು. ಅವನು ಟೊಪ್ಪಿಗೆ ತೆಗೆದ. ತಲೆ ಬೋಳು ಬೋಳು ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತಯಾರಿದ್ದ ಒಂದು ರುಮಾಲು ಸುತ್ತಿದ. ಸಿಗರೇಟು ಹೋಯಿತು, ಗಡ್ಡ ಹೋಯಿತು, ಹಣೆಗೆ ಗಂಧ ಬಂತು. "ಹೆಸರ ಏನ ಹಾಕ್ಲಿರಿ?" ಅಂದ. ಪೋಸ್ಟರಿನ ಹೆಸರೋ ಮನೆಯ ಹೆಸರೋ ಎಂದು ನಾನು ತಡವರಿಸಿದೆ. "ಹೆಸರ ಬ್ಯಾಡ ಬಿಡೋ. ಗೊತ್ತಿದ್ದವ್ರಿಗೆ ಮಾರಿ ನೋಡಿದ್ರ ಗೊತ್ತಾಗ್ತೈತಿ" ಅಂದೆ. "ಆತ್ರಿ, ಪೂಜ್ಯ ಹಿರಿಯರು ಅಂತ ಹಾಕ್ತೀನಿ. ದುಃಖತಪ್ತರು ಯಾರ್ರಿ?" "ನಾ ಒಬ್ಬಾಂವನ." ಅವನು ನನ್ನ ಹೆಸರು ಟೈಪ್ ಮಾಡಿದ. ಅದರ ಕೆಳಗೆ 'ಹಾಗೂ ಕುಟುಂಬ ವರ್ಗದವರು' ಎಂಬ ಸಾಲು ಮೊದಲೇ ಇರುತ್ತದಂತೆ, ಎಲ್ಲರದರಲ್ಲೂ ಇರುತ್ತದಂತೆ. ನಾನು ಅದನ್ನು ಓದಲಿಲ್ಲ. ಫೋಟೋದಲ್ಲಿದ್ದವನ ಕಣ್ಣನ್ನೇ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಸರ್ಕಲಿಗೆ ಹೋದಾಗ ಯಾರೋ ಗಂಭೀರ ಹಿರಿಯರ ಫ್ಲೆಕ್ಸ್ ಕಂಡಿತು. ಎಲ್ಲೋ ನೋಡಿದ ಮುಖ. ಕೈಮುಗಿದು ಮುಂದೆ ಹೋದೆ. ನಾಲ್ಕು ಹೆಜ್ಜೆ ಆದ ಮೇಲೆ, ಅರೆ, ಇದು ನನ್ನದೇ ಅಲ್ಲವೇ ಎಂದು ಹೊಳೆಯಿತು. ಮನೆಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಪಕ್ಕದ ನೇಕಾರರ ಮನೆಯವರು ರೊಟ್ಟಿ, ಝುಣಕದ ಬುತ್ತಿ ತಂದಿದ್ದರು. ರಾತ್ರಿಯೇ ಕಟ್ಟಿದ್ದ ಫ್ಲೆಕ್ಸಿನ ಫೋಟೋ ಮೊಬೈಲಿನಲ್ಲಿ ನೋಡಿ ಶಿರಹಟ್ಟಿಯಿಂದ ಶಾಂತಾಳ ಚಿಕ್ಕಮ್ಮ ಮೊದಲ ಬಸ್ಸಿಗೇ ಬಂದು ಗೋಡೆಗೆ ಒರಗಿ ಹಾಡಾಡಿ ಅಳುತ್ತಿದ್ದರು. "ಯಾರಿಗೂ ಏಯ್ ಅನ್ನಲಿಲ್ಲೋ ನನ್ನಪ್ಪಾ, ಒಂದ್ ಇರುವಿನೂ ತುಳೀಲಿಲ್ಲೋ!" ಒಂದೇ ಪಿಚ್ಚರಿನಲ್ಲಿ ಊರಿಗೆ ಊರನ್ನೇ ಗುಂಡಿಕ್ಕಿ ಮಲಗಿಸಿದವನ ಬಗ್ಗೆ ಇಷ್ಟು ಒಳ್ಳೆಯ ಮಾತು ನಾನೂ ಬರೆದಿರಲಿಲ್ಲ. ಶಾಂತಾ ಕಕ್ಕಾಬಿಕ್ಕಿಯಾಗಿ, "ರೀ, ನಮ್ಮ ಮನ್ಯಾಗ ಯಾರ್ರಿ ಹೋಗಿದ್ದು?" ಅಂದಳು. ಚಿಕ್ಕಮ್ಮ ಅಳು ನಿಲ್ಲಿಸಿ, "ಡಂಬಳದ ಇವ್ರ ದೊಡ್ಡಪ್ಪ ಅಲ್ಲೇನ ಮತ್ತ? ಥೇಟ್ ಅವ್ರ ಮಾರಿ" ಅಂದರು. ಡಂಬಳದ ದೊಡ್ಡಪ್ಪ ಅದೇ ಹೊತ್ತಿಗೆ ಫೋನ್ ಮಾಡಿ, ನಮ್ಮಲ್ಲಿ ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಮಧ್ಯಾಹ್ನಕ್ಕೆ ಬೀಗರು ಬಂದರು. ಶಿವನಗೌಡರು, ಅವರ ತಾಯಿ ಗಂಗಮ್ಮಜ್ಜಿ. ಯಾರೋ ಅವರಿಗೆ ಫ್ಲೆಕ್ಸಿನ ಫೋಟೋ ಕಳಿಸಿದ್ದರು. ಗೌಡರು ಕೂತು ನಿಟ್ಟುಸಿರು ಬಿಟ್ಟು, "ಆಗಬಾರದಿತ್ತು, ಆತು. ಸೋಮವಾರದ ಕಾರ್ಯ ಮುಂದ ಹಾಕೂಣ್ರಿ. ಆಷಾಢ, ಶ್ರಾವಣ ಕಳೀಲಿ, ಆಮ್ಯಾಲೆ ನೋಡೂಣು" ಅಂದರು. ಆಮೇಲೆ ನೋಡೋಣ ಎಂಬ ಮಾತನ್ನು ಹಿಂದಿನ ಮೂರು ಕಡೆಯವರೂ ಆಡಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಧಾಳ ಮುಖ ನೋಡಿದೆ. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ನಿಶ್ಚಯ ಹೋಗುತ್ತದೆ, ನಿಜ ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಮರ್ಯಾದೆಯ ಹಿಂದೆಯೇ ನಿಶ್ಚಯವೂ ಹೋಗಬಹುದು. ನನಗೆ ದಿಕ್ಕು ತೋಚದೆ ನಿಜ ಹೇಳಿಬಿಟ್ಟೆ.

ಗೌಡರು ಮೆಲ್ಲಗೆ ಕೇಳಿದರು. "ಅಂದ್ರ, ಹೋದವ್ರು ನಿಮಗ ಏನಾಗಬೇಕ್ರಿ?"

"ಏನೂ ಆಗಂಗಿಲ್ರಿ."

"ಊರು?"

"ಇಟಲಿ ರಿ."

"ಈ ಕಡೆ ಎಂದರ ಬಂದಿದ್ರೇನು?"

"ಇಲ್ರಿ. ಸ್ಪೇನ್ ತನಕ ಬಂದಿದ್ದ."

ಗೌಡರು ಶಾಂತಾಳ ಕಡೆ, ಆಮೇಲೆ ಸುಧಾಳ ಕಡೆ ನೋಡಿದರು. ಇದು ವಂಶದಲ್ಲಿ ಹರಿಯುವಂಥದ್ದೋ, ಇವನೊಬ್ಬನಿಗೇ ಇರುವಂಥದ್ದೋ ಎಂದು ಅಂದಾಜು ಹಾಕುತ್ತಿದ್ದರೆಂದು ನನಗೆ ತಿಳಿಯಿತು. ಅಷ್ಟರಲ್ಲಿ ಗಂಗಮ್ಮಜ್ಜಿ ಬಾಯಿ ಬಿಟ್ಟರು. "ಸಂಬಂಧ ಇಲ್ಲಂದ್ರ ಕುಟುಂಬ ವರ್ಗ ಅಂತ ಯಾಕ ಬರಸೀರಿ? ಊರ ಮುಂದ ನಮ್ಮಾಂವ ಅಂತ ಹೇಳಿದ ಮ್ಯಾಲೆ ಅಂವ ನಮ್ಮಾಂವನ. ಇಟಲಿಯಾಂವ ಆದ್ರೂ ಸೂತಕ ಸೂತಕನ." ನಾನೂ ಅವನನ್ನು ನಮ್ಮವನೆಂದೇ ಅಂದುಕೊಂಡಿದ್ದೆನಲ್ಲ.

ಆಗ ಸುಧಾ ಮೊಬೈಲು ಹಿಡಿದುಕೊಂಡು ಮುಂದೆ ಬಂದಳು. "ಅಪ್ಪಾ, ನೀ ಕೊಟ್ಟ ಫೋಟೋದಾಗಿನಾಂವ ಮೊನ್ನೆ ಸತ್ತಿಲ್ಲ. ಅಂವ ಹೋಗಿ ಇಪ್ಪತ್ತ ವರ್ಷದ ಮ್ಯಾಲಾತು." ಎಲ್ಲರ ಮುಂದೆಯೇ ರುದ್ರಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವನು ನಗುತ್ತ, "ಏ ಹುಚ್ಚಾ, ಅಂವ ಎಂದೋ ಹ್ವಾದ್ನಲೇ! ನಾ ಹೇಳಿದ್ದು ಬ್ಯಾರೆ ಒಬ್ಬಾಂವಂದು. ಅವನ ಹೆಸರ ನೋಡ..." ಅನ್ನುವಷ್ಟರಲ್ಲಿ ಗಂಗಮ್ಮಜ್ಜಿ ಕೈ ಎತ್ತಿ, "ಬಂದ್ ಮಾಡ್ರಿ ಅದನ್ನ, ಜಲ್ದಿ ಬಂದ್ ಮಾಡ್ರಿ!" ಎಂದು ಕೂಗಿದರು. ನಾನು ಗಾಬರಿಯಾಗಿ ಇಟ್ಟುಬಿಟ್ಟೆ.

ಅಜ್ಜಿ ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಇಪ್ಪತ್ತ ವರ್ಷದ ಹಿಂದಿನ ಸಾವು ಇವತ್ತ ಕಿವಿಗೆ ಬಿತ್ತಂದ್ರ ಅದಕ್ಕ ಮೂರ್ ದಿನಾನೂ ಇಲ್ಲ, ಹತ್ತ್ ದಿನಾನೂ ಇಲ್ಲ. ತಲಿಮ್ಯಾಲೆ ನೀರ ಹಾಕ್ಕೊಂಡ್ರ ಮುಗೀತು. ಇನ್ನ ಮೊನ್ನೆ ಹೋದಾಂವ ಯಾರಂತ ನಿಮಗ ಗೊತ್ತೈತೇನು?"

"ಗೊತ್ತಿಲ್ರಿ ಅಜ್ಜಿ."

"ಗೊತ್ತ ಮಾಡ್ಕೋಬ್ಯಾಡ್ರಿ. ಕಿವಿಗೆ ಬೀಳದ ಸಾವಿಗೆ ಸೂತಕ ಇಲ್ಲ. ಮದುವಿ ಮುಗಿಯೂತನಕ ಆ ಹೆಸರ ಈ ಮನ್ಯಾಗ ಬರಬಾರದು. ಏಳ್ರಿ, ಜಳಕಾ ಮಾಡ್ರಿ."

ಬೀಗರು ಹೊರಗೆ ಚಹಾ ಕುಡಿಯುತ್ತಿದ್ದಾಗ ನಾನು ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡೆ. ಮೊದಲ ತಂಬಿಗೆಗೆ ನಗು ಬಂತು. ಎರಡನೆಯದಕ್ಕೆ ಅಳು ಬಂತು. ಇಪ್ಪತ್ತು ವರ್ಷ ಅವನು ಎಲ್ಲೋ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ ಎಂದೇ ತಿಳಿದಿದ್ದೆ. ಮಂಜುವಿನ ರುಮಾಲು, ಚಿಕ್ಕಮ್ಮನ ಹಾಡು, ನೇಕಾರರ ಮನೆಯ ಝುಣಕ, ಈಗ ಈ ಸ್ನಾನ. ಹುಟ್ಟಿದ ಊರಲ್ಲಿ ಅವನಿಗೆ ಇಷ್ಟೆಲ್ಲ ಆಗಿತ್ತೋ ಇಲ್ಲವೋ. ಮೈ ಒರೆಸಿಕೊಂಡು ಬಂದು ನೋಟುಬುಕ್ಕು ತೆಗೆದು ಅವನನ್ನು ಬರೆಯಲು ಹೋದರೆ, ಅವನು ಎಂದೋ ಬರೆದಾಗಿತ್ತು. ಇನ್ನೊಂದು ಹೆಸರಿನಲ್ಲಿ, ನನ್ನದೇ ಅಕ್ಷರದಲ್ಲಿ, ಮುಂದೆ 'ಪರಿಚಯ ಸಾಲದು' ಎಂಬ ಷರಾದೊಂದಿಗೆ.

ಸೋಮವಾರ ನಿಶ್ಚಯ ಚೆನ್ನಾಗಿಯೇ ಆಯಿತು. ಮದುವೆ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಶಾಂತಾ ನನ್ನ ಮೊಬೈಲನ್ನು ಮೂರು ಹೊತ್ತೂ ಪರೀಕ್ಷೆ ಮಾಡುತ್ತಾಳೆ. ರುದ್ರಪ್ಪನ ಹದಿನಾಲ್ಕು ಮೆಸೇಜುಗಳು ತೆರೆಯದೆ ಬಿದ್ದಿವೆ. ಮಾರ್ನಿಂಗ್ ಶೋದ ಅಷ್ಟೂ ಮಂದಿಯಲ್ಲಿ ಹೋದವನು ಯಾರು? ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡವನೋ, ಮಾತೇ ಆಡದೆ ಸೇಬು ತಿನ್ನುತ್ತಿದ್ದವನೋ, ಅಥವಾ ಇವರನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ಕ್ಯಾಮೆರಾ ಹಿಂದೆ ಕೂತವನೋ? ಗೊತ್ತಿಲ್ಲದ್ದರಿಂದ ಯಾರನ್ನು ನೆನೆದರೂ ಎದೆ ಝಲ್ ಅನ್ನುತ್ತದೆ. ಮರುಕ್ಷಣ, ಇವನಿರಲಿಕ್ಕಿಲ್ಲ ಎಂದು ಸಮಾಧಾನವೂ ಆಗುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಎಲ್ಲರನ್ನೂ ಕಳೆದುಕೊಂಡು ಮತ್ತೆ ಪಡೆಯುತ್ತಿದ್ದೇನೆ.

ವಾರಕ್ಕೊಮ್ಮೆ ಗಂಗಮ್ಮಜ್ಜಿ ಲಕ್ಷ್ಮೇಶ್ವರದಿಂದ ತಪ್ಪದೆ ಫೋನ್ ಮಾಡುತ್ತಾರೆ. "ಏನರ ಗೊತ್ತಾತೇನ್ರಿ?" ಎಂದು ಕೇಳುತ್ತಾರೆ. "ಇಲ್ರಿ ಅಜ್ಜಿ, ನನಗ ಏನೂ ಗೊತ್ತಿಲ್ಲ" ಅನ್ನುತ್ತೇನೆ. "ಶಾಣ್ಯಾ ಅದೀರಿ ನೋಡ್ರಿ" ಎಂದು ಇಡುತ್ತಾರೆ. ನನ್ನನ್ನು ಶಾಣ್ಯಾ ಎಂದು ಕರೆದವರು ಈ ಜನ್ಮದಲ್ಲಿ ಅವರೊಬ್ಬರೇ, ಅದೂ ನನಗೆ ಏನೂ ಗೊತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ.