ಪದ್ಮದ ಮೇಲೊಂದು ಮೋಟಾರು

ಬಾಗಿಲು ತೆರೆದರೆ ಅಂಗಳವೇ ಇಲ್ಲ!

ಒಂದು ಕೈಯಲ್ಲಿ ಥಳಿ ಹಾಕುವ ಸಗಣಿನೀರಿನ ಬಕೀಟು, ಇನ್ನೊಂದು ಕೈಯಲ್ಲಿ ರಂಗೋಲಿಯ ಬಟ್ಟಲು ಹಿಡಿದ ಮಥುರಾಬಾಯಿ ಹೊಸ್ತಿಲ ಮೇಲೆ ಕಂಬದಂತೆ ನಿಂತರು. ರಾತ್ರಿ ಮಲಗುವಾಗ ಇದ್ದ ಅಂಗಳ ನಸುಕಿನೊಳಗೆ ಮಾಯವಾಗಿ, ಅದರ ಜಾಗದಲ್ಲಿ ಕರಿಯ ಮೋಟಾರೊಂದು ಹೊಟ್ಟೆತುಂಬ ಮೇದು ಮಲಗಿದ ಎಮ್ಮೆಯ ಹಾಗೆ ಕುಳಿತಿತ್ತು. ಬೈಯುವುದಕ್ಕೆ ಇಷ್ಟು ಯೋಗ್ಯವಾದ ಗಳಿಗೆ ಅವರ ಜನ್ಮದಲ್ಲಿ ಹಿಂದೆ ಬಂದಿರಲಿಲ್ಲ. ಆದರೆ ಏನು ಮಾಡುವುದು? ಬಾಯಿ ಬಿಡುವಂತಿರಲಿಲ್ಲ.

ಅದು ಹರಕೆ. ರಾಮದುರ್ಗಕ್ಕೆ ಕೊಟ್ಟ ಮಗಳು ಇಂದಿರೆಗೆ ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈಗ ದೇವರ ದಯದಿಂದ ನಿಂತಿತ್ತು. ಅದು ಕೈಗೂಡಲೆಂದು ಮಥುರಾಬಾಯಿ ಚಾತುರ್ಮಾಸ್ಯ ಮುಗಿಯುವ ತನಕ ದಿನವೂ ನಸುಕಿನಲ್ಲಿ ಮಡಿಯುಟ್ಟು, ಹೊಸ್ತಿಲ ಮುಂದೆ ಮೂವತ್ತಮೂರು ಪದ್ಮ ಬರೆಯುವುದಾಗಿ ಬೇಡಿಕೊಂಡಿದ್ದರು. ಕೊನೆಯ ಪದ್ಮದ ಕೊನೆಯ ದಳ ಮೂಡುವ ತನಕ ತುಟಿ ಬಿಚ್ಚಬಾರದು. ಒಂದು ದಿನ ತಪ್ಪಿದರೆ ಏನಾದೀತು ಎಂಬುದನ್ನು ಅವರು ಮನಸ್ಸಿನಲ್ಲೂ ಆಡುತ್ತಿರಲಿಲ್ಲ. ಮುಗಿದ ಮೇಲೆ ‘ಕೃಷ್ಣಾರ್ಪಣ’ ಎಂದು ಬಾಯಿ ತೆರೆಯಬೇಕು. ಆದರೆ ಯಜಮಾನರ ಹೆಸರೇ ಕೃಷ್ಣಾಜಿ. ಗಂಡನ ಹೆಸರು ಹೇಳುವುದು ಹೇಗೆಂದು ಅವರು ‘ಗೋವಿಂದಾರ್ಪಣ’ ಎಂದು ಮುಗಿಸುತ್ತಿದ್ದರು. (ದೇವರು ಇದುವರೆಗೆ ತಕರಾರು ಮಾಡಿರಲಿಲ್ಲ.)

ಅಂದು ಮೆಟ್ಟಿಲಿಗೂ ಮೋಟಾರಿಗೂ ನಡುವೆ ಉಳಿದ ಗೇಣಗಲದ ಸಂದಿಯಲ್ಲಿ ಪದ್ಮಗಳನ್ನು ಬರೆದದ್ದಾಯಿತು. ಅವು ಕವಡೆಯಷ್ಟಾಗಿದ್ದವು, ದೇವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಕೊನೆಯ ದಳ ಮುಗಿಯಿತೋ ಇಲ್ಲವೋ, ಒಂದೇ ಉಸಿರಿನಲ್ಲಿ ಮಥುರಾಬಾಯಿಯ ಬಾಯಿ ಬಿಚ್ಚಿತು.

“ಗೋವಿಂದಾರ್ಪಣ ಯಾರದ್ರೀ ಈ ಮೋಟಾರಾ!”

ಟಪಾಲ ಕಚೇರಿಯಿಂದ ನಿವೃತ್ತರಾಗಿದ್ದ ಕೃಷ್ಣಾಜಿಯವರು ತಂಬಿಗೆ ಹಿಡಿದು ಹೊರಗೆ ಬಂದರು. “ಯಾರದರೆ ಇರಬೇಕು.”

“ಯಾರದೂ ಇರದ ತಾನs ಹುಟ್ಟಿ ಬಂದದ ಅಂತ ನಾ ಎಲ್ಲೆ ಅಂದೆ?”

ಬೈಲಹೊಂಗಲದ ಬಾವಿ ಓಣಿ ಎದುರುಬದುರು ಮನೆಯವರು ಕೈ ಚಾಚಿ ಹೆಪ್ಪಿಗೆ ಮೊಸರು ಕೊಡಬಹುದಾದಷ್ಟು ಅಗಲ. ಆ ಜಾಗವನ್ನು ಮುನ್ಸಿಪಾಲ್ಟಿ ರಸ್ತೆ ಎನ್ನುತ್ತಿತ್ತು, ಮಥುರಾಬಾಯಿ ಅಂಗಳ ಎನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅದಕ್ಕೆ ಸಗಣಿ ಹಾಕಿ ಸಾರಿಸಿದವರು ಯಾರು? ಮುನ್ಸಿಪಾಲ್ಟಿಯೇ?

ಎದುರುಮನೆಯ ರಾಚವ್ವ ಎಮ್ಮೆಗಳ ಹಗ್ಗ ಹಿಡಿದು ನಿಂತಿದ್ದಳು. “ಬಾಯಾರ, ನನ್ನ ಎಮ್ಮಿ ಹೆಂಗ ದಾಟಬೇಕ್ರಿ ಇನ್ನ?”

“ದಾಟದಿದ್ರ ನನ್ನ ರಂಗೋಲಿ ಒಂದು ದಿನರೆ ಉಳೀತದ ಬಿಡು!”

(ಈ ಎಮ್ಮೆ ಮತ್ತು ರಂಗೋಲಿಯ ವ್ಯಾಜ್ಯ ಬಹಳ ಹಳೆಯದು. ರಾಚವ್ವ ಪ್ರತಿಸಲವೂ ‘ಹಗ್ಗ ಹರಕೊಂಡು ಹೋತ್ರಿ’ ಎನ್ನುತ್ತಿದ್ದಳು. ಅಷ್ಟು ಹಗ್ಗ ಹರಿದಿದ್ದರೆ ಊರಿನ ಹಗ್ಗದ ಅಂಗಡಿಯವನು ಮಾಳಿಗೆ ಕಟ್ಟಿಸುತ್ತಿದ್ದ.)

ಮಧ್ಯಾಹ್ನದೊಳಗೆ ಸುದ್ದಿ ತಿಳಿಯಿತು. ಒಳಗಿನ ಸಂದಿಯ ಭರಮಪ್ಪನ ಮನೆಯಲ್ಲಿ ನಿಜಗುಣಪ್ಪ ಎಂಬ ಪರಸ್ಥಳದವನು ಬಾಡಿಗೆಗೆ ಖೋಲಿ ಹಿಡಿದಿದ್ದಾನೆ. ಮುರಗೋಡ, ಸುರೇಬಾನಗಳ ಕಡೆ ಹಳ್ಳಿಹಳ್ಳಿ ತಿರುಗಿ ಸರಕಾರಿ ಗೊಬ್ಬರ (ಅದೇ ರಾಸಾಯನಿಕ ಗೊಬ್ಬರ) ಮಾರಿಸುವ ಏಜಂಟ. ಭರಮಪ್ಪನ ಸಂದಿಯಲ್ಲಿ ಬಿಚ್ಚಿದ ಛತ್ರಿ ಹಾಯುವುದಿಲ್ಲ, ಮೋಟಾರು ಎಲ್ಲಿ ಹಾದೀತು?

“ಹೋಗ್ರಿ, ಗಾಡಿ ತಗೀರಿ ಅಂತ ಹೇಳಿ ಬರ್ರಿ,” ಎಂದು ಮಥುರಾಬಾಯಿ ಯಜಮಾನರನ್ನು ದಂಡಯಾತ್ರೆಗೆ ಕಳಿಸಿದರು.

ಯಜಮಾನರು ಬಹಳ ಹೊತ್ತಿನ ಮೇಲೆ ಮರಳಿದರು. ಬಾಯಲ್ಲಿ ಯಾಲಕ್ಕಿಯ ವಾಸನೆ, ಕೈಯಲ್ಲಿ ಕಾಗದದ ಪುಡಿಕೆ.

“ಭಾಳ ಛೊಲೋ ಮನಶ್ಯಾ ಇದ್ದಾನ. ನಿಮ್ಮ ತುಳಸಿಗೆ ಹಾಕ್ರಿ ಅಂತ ಗೊಬ್ಬರಾ ಕೊಟ್ಟ.”

“ಗಾಡಿ?”

“ಆ ಮಾತು ತಗೀಬೇಕು ಅನ್ನೂದ್ರಾಗ ಚಹಾ ಬಂತು.”

“ತುಳಸವ್ವಗ ಸರಕಾರಿ ಗೊಬ್ಬರಾ!” ಮಥುರಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ನಾಳೆ ಸಾಲಿಗ್ರಾಮಕ್ಕ ಪಾಲಿಶ್ ತರ್ತೀರಿ ನೀವು!”

ಕೊನೆಗೆ ನಿಜಗುಣಪ್ಪ ಮೋಟಾರಿನ ಬಳಿ ಬಂದಾಗ ಬಾಗಿಲ ಮರೆಯಿಂದ ಅವರೇ ಕೇಳಿದರು. ಅವನು ಟೊಪ್ಪಿಗೆ ತೆಗೆದು ಬಹಳ ವಿನಯದಿಂದ ಉತ್ತರ ಕೊಟ್ಟ. “ರಸ್ತಾ ಸರಕಾರದ್ದು ಐತ್ರಿ ಅವ್ವಾರ.”

“ಗೊಬ್ಬರಾನೂ ಸರಕಾರದ್ದು, ರಸ್ತಾನೂ ಸರಕಾರದ್ದು, ಸಗಣಿ ಬಳ್ಯೂದು ಅಷ್ಟ ನಮ್ಮದೇನು?”

ಅವನು ನಕ್ಕು, ನಡೆದುಕೊಂಡೇ ಬಜಾರಿಗೆ ಹೋದ. ಮೋಟಾರು ಅಲ್ಲೇ ಉಳಿಯಿತು.

“ನಮ್ಮ ಅಂಗಳದಾಗ ಬರೀರಲ್ರಿ,” ಎಂದಳು ರಾಚವ್ವ.

“ಹರಕಿ ನಂದು, ಅಂಗಳ ನಿಂದು. ಮೊಮ್ಮಗು ದಾರಿ ತಪ್ಪಿ ನಿಮ್ಮನಿಗೆ ಬಂದ್ರ?”

ರಾಚವ್ವನಿಗೆ ಆಗಲೇ ಮನೆತುಂಬ ಮೊಮ್ಮಕ್ಕಳಿದ್ದರು. ಅವಳು ಗಾಬರಿಯಾಗಿ ಬೇರೆ ಉಪಾಯ ತೆಗೆದಳು. “ಹಂಗಾರ ಗಾಲಿ ಹವಾ ತಗೀಲೇನ್ರಿ? ಒಂದ ಕಡ್ಡಿ ಸಾಕು. ಬುದ್ಧಿ ಬರತೈತಿ ಅವಗ.”

ಮಥುರಾಬಾಯಿ ದೈವಭೀರು ಹೆಂಗಸು. ಪರರ ವಸ್ತುವಿಗೆ ಕೇಡು ಬಗೆಯುವುದೆಂದರೇನು! ಅವರು ಕ್ಷಣಹೊತ್ತು ಯೋಚಿಸಿ, “ನಾ ಏನೂ ನೋಡಂಗಿಲ್ಲ ನೋಡವಾ. ಆದ್ರ ತಗ್ಯೂದಿದ್ರ ನಮ್ಮ ಬಾಜೂದ ಎರಡೂ ಗಾಲೀದು ತಗಿ,” ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿ ವಿಷ್ಣುಸಹಸ್ರನಾಮ ಶುರುಮಾಡಿದರು. ಸಹಸ್ರನಾಮದ ನಡುವೆ ಎಲ್ಲೋ ಶೇಷನು ಬುಸುಗುಟ್ಟಿದ ಹಾಗೆ ಎರಡು ಸಲ ಸದ್ದಾಯಿತು.

ಆದರೆ ಹವಾ ಹೋದ ಮೋಟಾರು ಓಣಿ ಬಿಟ್ಟು ಹೋಗುವುದಾದರೂ ಹೇಗೆ? ಇದು ಇಬ್ಬರಿಗೂ ಹೊಳೆದಿರಲಿಲ್ಲ. ಸಂಜೆ ನಿಜಗುಣಪ್ಪ ಬಂದು, ಪಂಚರ್ ಎಂದು ತಿಳಿದು, ಆ ಬದಿಯ ಎರಡೂ ಗಾಲಿ ಬಿಚ್ಚಿ, ಸಂದಿಯಲ್ಲಿ ದೊಡ್ಡ ದೊಡ್ಡ ಕಲ್ಲು ಪೇರಿಸಿ ಮೋಟಾರನ್ನು ಅವುಗಳ ಮೇಲೆ ಕೂರಿಸಿದ. ಗಾಲಿಗಳನ್ನು ಬಂಡಿಯಲ್ಲಿ ಹಾಕಿಸಿ ದುರಸ್ತಿಗೆ ಕಳಿಸಿದ. ಅಂಗಡಿಯವನು ನಾಳೆ ನಸುಕಿಗೇ ಬಾ ಎಂದನಂತೆ. ಮೋಟಾರು ಮನೆಯ ಕಡೆಗೆ ಮೊಳದಷ್ಟು ಮೈಯೆತ್ತಿ, ನಿಧಿ ಕಾಯುವ ಸರ್ಪದ ಹಾಗೆ ಕುಳಿತಿತು. ಗೇಣಗಲದ ಸಂದಿಯೂ ಕಲ್ಲಿನ ಪಾಲಾಯಿತು.

ಮರುದಿನ ನಸುಕಿನಲ್ಲಿ ಮಡಿಯುಟ್ಟು ಬಂದ ಮಥುರಾಬಾಯಿಗೆ ಅಳುವೇ ಬಂತು. ಕಲ್ಲು ಸರಿಸುವಂತಿಲ್ಲ, ಹರಕೆ ಬಿಡುವಂತಿಲ್ಲ. ಬಾಗಿ ನೋಡಿದರು. ಕಲ್ಲುಗಳ ನಡುವೆ, ಮೋಟಾರಿನ ಹೊಟ್ಟೆಯ ಕೆಳಗೆ, ಅವರ ಅಂಗಳ ತಣ್ಣಗೆ ಮಲಗಿತ್ತು. ಇಂದಿರೆಯ ಮುಖ ಕಣ್ಮುಂದೆ ಬಂತು. ಕೈಯಾರೆ ಥಳಿ ಎರಚಿ, ಸೆರಗು ಬಿಗಿದು, ರಂಗೋಲಿ ಕುಂಕುಮದ ಬಟ್ಟಲುಗಳನ್ನು ಮುಂದೆ ತಳ್ಳುತ್ತ, ಮಥುರಾಬಾಯಿ ಮೋಟಾರಿನ ಕೆಳಗೆ ನುಸಿದರು.

ತೆಳ್ಳಗಿನ ಮೈ, ಹಿಡಿಸಿತು. ಕಾಲು ಮಾತ್ರ ಹೊರಗೇ ಉಳಿದವು.

ಅರ್ಧದಷ್ಟು ಪದ್ಮಗಳು ಮುಗಿದಿರಬೇಕು. ಮೊಣಕೈ ತಾಗಿ ಕುಂಕುಮದ ಬಟ್ಟಲು ಉರುಳಿತು. ಕುಂಕುಮ ಥಳಿಯ ನೀರಿನೊಡನೆ ಕೂಡಿ ಕೆಂಪಗೆ ಹೊರಗೆ ಹರಿಯಿತು. ಅದೇ ಹೊತ್ತಿಗೆ ಕೃಷ್ಣಾಜಿಯವರು ಬಾಗಿಲಿಗೆ ಬಂದರು. ಕಂಡದ್ದು ಕಲ್ಲಿನ ಮೇಲಿನ ಮೋಟಾರು, ಅದರ ಕೆಳಗಿಂದ ಹೊರಗೆ ಚಾಚಿದ, ಕಾಲುಂಗುರದ ಎರಡು ಪಾದ, ಪಾದದ ಪಕ್ಕದಲ್ಲಿ ಕೆಂಪು ಕಾಲುವೆ.

ಕೈಯ ತಂಬಿಗೆ ಓಣಿಯ ಆಚೆ ತುದಿಯವರೆಗೆ ಉರುಳಿಕೊಂಡು ಹೋಯಿತು.

“ಅಯ್ಯಯ್ಯೋ! ಬರ್ರೋ! ಇಕಿ ಮ್ಯಾಲ ಮೋಟಾರ ಬಿತ್ತೋ! ಏನs, ಮಾತಾಡs! ಒಂದು ಮಾತರೆ ಆಡs!”

ಮಥುರಾಬಾಯಿ ಹೇಗೆ ಮಾತಾಡಿಯಾರು? ಇನ್ನೂ ಹದಿನೈದು ಪದ್ಮ ಉಳಿದಿದ್ದವು. ಜನ್ಮದಲ್ಲಿ ಮೊದಲ ಸಲ ಗಂಡ ಮಾತಾಡು ಎಂದು ಅಂಗಲಾಚುತ್ತಿದ್ದಾರೆ, ಇವರು ತುಟಿ ಕಚ್ಚಿ ದಳ ಎಳೆಯುತ್ತಿದ್ದಾರೆ.

ಓಣಿಗೆ ಓಣಿಯೇ ನೆರೆಯಿತು. ಕೃಷ್ಣಾಜಿಯವರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. “ಒಂದು ದಿನಾ ನನಗ ಎದುರು ಮಾತಾಡಿದಾಕಿ ಅಲ್ಲೋ ಇಕಿ!”

ಈ ಮಾತಿಗೆ ಅಳುತ್ತಿದ್ದವರೆಲ್ಲ ತುಸು ಹೊತ್ತು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಳಗೆ ಮಥುರಾಬಾಯಿಯ ದಳವೂ ಸೊಟ್ಟಗಾಯಿತು.

ಭರಮಪ್ಪ ತೋಳು ಏರಿಸಿದ. “ಸರೀರಿ, ಕಾಲ ಹಿಡದ ಎಳೀತೇನಿ.”

“ಮುಟ್ಟಬ್ಯಾಡೋ! ಮಡಿ ಉಟ್ಟಾಳ!”

“ರಾಯರ, ಇನ್ನ ಎಂಥಾ ಮಡಿರಿ?”

“ಎದ್ದ ಮ್ಯಾಲ ನನ್ನ ಸುಮ್ಮನ ಬಿಡ್ತಾಳೇನೋ?”

ಅಷ್ಟರಲ್ಲಿ ರಾಚವ್ವ ಬಂದಳು. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ, ಹಾಡಿಕೊಂಡು ಅಳುವುದರಲ್ಲಿ ಸುತ್ತಿನ ಓಣಿಗಳಲ್ಲೆಲ್ಲ ಅವಳನ್ನು ಮೀರಿಸುವವರಿರಲಿಲ್ಲ. ಹಾಗೆ ಅಳಲು ಕುಳಿತವರು ಇದ್ದದ್ದು ಇದ್ದಂತೆ ಹೇಳಬೇಕು, ಮುಚ್ಚಿಡಬಾರದು. ಅವಳು ಪಾದಗಳ ಮುಂದೆ ಕುಳಿತು, ಎದೆ ಬಡಿದುಕೊಂಡು ರಾಗ ತೆಗೆದಳು.

“ಹಬ್ಬಕ್ಕ ಹೋಳಿಗಿ ಕೊಡತಿದ್ದ್ಯಲ್ಲೋ ನನ ಬಾಯೀ…
ನಿನ ಪದ್ಮದ ಮ್ಯಾಲ ಎಮ್ಮಿ ಬಿಟ್ಟಾಕಿ ನಾನs ಅಲ್ಲೋ ನನ ಬಾಯೀ…
ಹಗ್ಗ ಹರದಿತ್ತಂತ ಸುಳ್ಳ ಹೇಳಿದ್ನೆಲ್ಲೋ ನನ ಬಾಯೀ…”

ಕೆಳಗೆ ಮಥುರಾಬಾಯಿಯ ಕಣ್ಣು ಕೆಂಪಾಯಿತು. ಸಿಕ್ಕಳು ಕಳ್ಳಿ! ಆದರೆ ರಾಚವ್ವನ ಹಾಡು ಅಲ್ಲಿಗೆ ನಿಲ್ಲಲಿಲ್ಲ. ಆಗತಾನೆ ನಿಜಗುಣಪ್ಪ, ರಿಪೇರಿಯ ಗಾಲಿ ಉರುಳಿಸುತ್ತ ಬಂದವನು, ಬಿಳಿಚಿಕೊಂಡು ನಿಂತಿದ್ದ.

“ಗಾಲಿ ಹವಾ ತಗೀಲೇನ್ರಿ ಅಂದ್ನೆಲ್ಲೋ ನನ ಬಾಯೀ…
ನಮ್ಮ ಬಾಜೂದ ಎರಡೂ ತಗಿ ಅಂದ್ಯಲ್ಲೋ ನನ ಬಾಯೀ…
ಕಣ್ಣ ಮುಚ್ಚಿ ದೇವರ ಹೆಸರ ಹೇಳಿದ್ಯಲ್ಲೋ ನನ ಬಾಯೀ…”

ಮೋಟಾರಿನ ಕೆಳಗಿನ ಎರಡೂ ಪಾದಗಳು ಬಲಕ್ಕೂ ಎಡಕ್ಕೂ ಜೋರಾಗಿ ಅಲ್ಲಾಡಿದವು: ಇಲ್ಲ, ಇಲ್ಲ!

ಅರ್ಧ ಮಂದಿ ಚೀರಿ ಹಿಂದಕ್ಕೆ ಓಡಿದರು. ರಾಚವ್ವ ಮಾತ್ರ ರಾಗ ಬಿಡಲಿಲ್ಲ.

“ಕಾಲ ಅಲ್ಲಾಡಿಸಿದ್ರ ಖರೇ ಸುಳ್ಳಾಗತೈತೇನೋ ನನ ಬಾಯೀ…”

ಕೊನೆಯ ದಳ ಮೂಡಿತು. ಪಾದ, ಮೊಣಕಾಲು, ಸೊಂಟ ಎಂದು ಕ್ರಮವಾಗಿ ಮಥುರಾಬಾಯಿ ಹೊರಬಂದರು. ಮುಖದ ತುಂಬ ಮೋಟಾರಿನ ಕರಿ ಎಣ್ಣೆ, ಅದರ ಮೇಲೆ ಬಿಳಿ ರಂಗೋಲಿ, ಅದರ ಮೇಲೆ ಕುಂಕುಮ. ಕಂಬದಿಂದ ಬಂದ ನರಸಿಂಹನೂ ಇಷ್ಟು ಭಯಂಕರನಾಗಿ ಇದ್ದಿರಲಾರ. ಹೇಳಬೇಕೆಂದಿದ್ದ ಮಾತೆಲ್ಲ ಒಟ್ಟಿಗೆ ನುಗ್ಗಿ ನಾಲಗೆ ತೊಡರಿತು.

“ಕೃಷ್ಣಾ…!”

“ಓ! ಬಂದೆ!” ಎಂದು ಕೃಷ್ಣಾಜಿಯವರು ಜಿಗಿದು ಎದ್ದು ನಿಂತರು.

ಇಡೀ ಓಣಿಯ ಎದುರು ಗಂಡನ ಹೆಸರು ಹಿಡಿದು ಕೂಗಿದ ನಾಚಿಕೆಗೆ ಮಥುರಾಬಾಯಿ ಮತ್ತೆ ಮೋಟಾರಿನ ಕೆಳಗೇ ಹೋಗಬೇಕೆನಿಸಿತು. ನಿಜಗುಣಪ್ಪ ಕೈಮುಗಿದ. “ಜೀವ ಉಳೀತಲ್ರಿ ಅವ್ವಾರ, ಅಷ್ಟ ಸಾಕು. ಪಂಚರ್ ಅಂಗಡ್ಯಾಂವ ಗಾಲೀನ ನೀರಾಗ ಮುಣಗಿಸಿ ಮುಣಗಿಸಿ ನೋಡಿ, ತೂತs ಇಲ್ಲ ಅಂದ. ಹವಾ ಎಲ್ಲಿ ಹೋಗಿತ್ತು ಅನ್ನೂದು ಈಗ ತಿಳೀತ್ರಿ. ಇನ್ನ ಈ ಓಣಿಗೆ ಗಾಡಿ ತರಂಗಿಲ್ಲ.”

ಅವನು ಗಾಲಿ ಹಾಕಿ ಮೋಟಾರನ್ನು ಆಚೆ ಒಯ್ದ. ಪದ್ಮಗಳು ಬೆಳಕಿಗೆ ಬಂದವು. ಸೊಟ್ಟಗಿದ್ದರೂ ಎಲ್ಲವೂ ಇದ್ದವು. ಮಥುರಾಬಾಯಿ ಕಣ್ತುಂಬ ನೋಡುತ್ತಿದ್ದಂತೆ, ಗದ್ದಲದಲ್ಲಿ ರಾಚವ್ವ ಕಟ್ಟಲು ಮರೆತಿದ್ದ ಎಮ್ಮೆಗಳು ಸಾಲಾಗಿ ಬಂದು ಅವುಗಳ ಮೇಲೆ ನಡೆದು ಹೋದವು. (ಈ ಸಲ ಹಗ್ಗ ನಿಜವಾಗಿಯೂ ಇರಲಿಲ್ಲ.)

“ಏ ನಿಜಗುಣಪ್ಪಾ!” ಮಥುರಾಬಾಯಿ ಓಣಿಯ ತುದಿಗೆ ಕೇಳುವಂತೆ ಕೂಗಿದರು. “ನಿನ್ನ ಗಾಡಿ ಹೊಳ್ಳಿ ತಗೊಂಡು ಬಾರಪಾ!”

ಅಂದಿನಿಂದ ಹೊಸ ಏರ್ಪಾಡಾಯಿತು. ನಸುಕಿನಲ್ಲಿ ಪದ್ಮ ಮುಗಿದು ಗೋವಿಂದಾರ್ಪಣವಾದ ಮೇಲೆ ನಿಜಗುಣಪ್ಪ ಮೋಟಾರು ತಂದು, ಒಂದು ದಳಕ್ಕೂ ಗಾಲಿ ತಾಗದಂತೆ, ಅವುಗಳ ಮೇಲೆ ನಿಲ್ಲಿಸುವುದು. ಎಮ್ಮೆಗಳು ಬಾವಿಯ ಆಚೆ ಸುತ್ತು ಹಾಕಿ ಹೋಗುವುದು. ಅವನು ಹಳ್ಳಿಗೆ ಹೋಗುವುದಿದ್ದರೂ ಊಟ ಮುಗಿಸಿ, ಎಮ್ಮೆಗಳು ಹಳ್ಳಕ್ಕೆ ಇಳಿದ ಮೇಲೆಯೇ ಹೊರಡುತ್ತಿದ್ದ. ಅವನು ಬರುವುದು ತಡವಾದರೆ ಮಥುರಾಬಾಯಿ ಬಕೀಟು ಬೋರಲು ಹಾಕಿ ಜಾಗ ಹಿಡಿಯುತ್ತಿದ್ದರು. ತುಳಸಿಗೂ ಒಂದು ಚಿಟಿಕೆ ಸರಕಾರಿ ಗೊಬ್ಬರ ಬಿತ್ತೆಂದು ಓಣಿಯಲ್ಲಿ ಸುದ್ದಿ.

ಕಾರ್ತಿಕದ ಒಂದು ಬೆಳಗು. ನಿಜಗುಣಪ್ಪ ಇನ್ನೂ ಬಂದಿರಲಿಲ್ಲ. ಮಥುರಾಬಾಯಿ ಒಳಗೆ ದೇವರಿಗೆ ಹೂವು ಏರಿಸುತ್ತಿದ್ದರು. ಹೊರಗೆ ಹಾರನ್ನು ಕೂಗಿತು, ಬಕೀಟು ಢಣ್ಣೆಂದು ಉರುಳಿತು. ಓಡಿ ಬಂದು ನೋಡಿದರೆ ಯಾವುದೋ ಬಿಳಿಯ ಟ್ಯಾಕ್ಸಿ, ಅದರ ಗಾಲಿ ಸರಿಯಾಗಿ ಪದ್ಮದ ನಡುವೆ!

“ಯಾ ಊರಾವ್ರೀ ನೀವು?” ಮಥುರಾಬಾಯಿಯ ದನಿ ಮಾಳಿಗೆ ಏರಿತು. “ಮಂದಿ ಮನಿ ಮುಂದ ಗಾಡಿ ತಂದು ಹಚ್ಚಬಾರದು ಅನ್ನೂ ಬುದ್ಧಿ ಬ್ಯಾಡ? ಇದು ನಮ್ಮ ನಿಜಗುಣಪ್ಪನ ಗಾಡಿ ಜಾಗಾ ಅದ! ಒಳಗ ಯಾವ ದೊಡ್ಡ ಮನಶ್ಯಾ ಕೂತಾನೋ ಅವಗ ಹೇಳ್ರಿ, ತಗೀರಿ ಮೊದಲ!”

ಡ್ರೈವರ್ ಹೆದರಿ ಹಿಂದಕ್ಕೆ ನೋಡಿದ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ದೊಡ್ಡ ಮನುಷ್ಯನ ಮುಖ ದಾಸವಾಳದ ಹೂವಿನಂತೆ ಕೆಂಪಾಗಿತ್ತು. ಅವರು ಅಳಿಯ ಬಾಳಕೃಷ್ಣರಾಯರು. ಎಲೆಯಲ್ಲಿ ಉಪ್ಪು ಬಡಿಸುವುದು ತಡವಾದರೂ ಮುನಿಸಿಕೊಳ್ಳುವವರು.

“ಹೊಳ್ಳಿ ಹೋಗ್ಲೇನ್ರಿ ಹಂಗಾರ?” ಎಂದರು ಅಳಿಯಂದಿರು.

ಅವರ ಪಕ್ಕದಿಂದ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸಿನ ಕುಲುಕಾಟ ಬೇಡವೆಂದು ಟ್ಯಾಕ್ಸಿ ಮಾಡಿಕೊಂಡು, ಗೊತ್ತುಮಾಡಿದ್ದಕ್ಕಿಂತ ವಾರ ಮುಂಚೆಯೇ ಬಾಣಂತನಕ್ಕೆ ಬಂದಿದ್ದ ಇಂದಿರೆ ಮೆಲ್ಲಗೆ ಕರೆದಳು. “ಅವ್ವಾ… ನಾನs…”

ಮಥುರಾಬಾಯಿ ತೆರೆದ ಬಾಯಿ ತೆರೆದಂತೆಯೇ ನಿಂತರು. ಅಂದಿನ ಗೋವಿಂದಾರ್ಪಣ ಆಗಲೇ ಮುಗಿದಿತ್ತು, ಆದರೂ ಒಂದು ಅಕ್ಷರ ಹೊರಡಲಿಲ್ಲ.

ಎದುರಿನ ಕಟ್ಟೆಯಿಂದ ರಾಚವ್ವ ಎದ್ದಳು. ಕೈಯಲ್ಲಿ ಆಗಲೇ ಒಂದು ಕಡ್ಡಿಯಿತ್ತು.

“ಬಾಯಾರ, ಹವಾ ತಗೀಲೇನ್ರಿ?”