ಸೋತ ಅಭ್ಯರ್ಥಿಗಳಿಗೆ ಏಣಿಯ ಬಗ್ಗೆ ಒಂದು ದೂರು

ಹದಿಮೂರು ಸಾವಿರ ಮತಗಳಿಂದ ಸೋತರೂ ಮುಖದ ಕಳೆ ಬಾಡದ ಮಾನ್ಯರೇ,

ಬೋರ್ಡು, ಗೋಡೆ ಬರೆಯುವ ಕಸುಬಿನವನಾದ ನಾನು ತಮಗೆ ತಲೆಬಾಗಿ ನಮಸ್ಕರಿಸುತ್ತೇನೆ. ಬಸ್ ನಿಲ್ದಾಣದ ಎದುರಿನ ಉದ್ದ ಗೋಡೆಯ ಮೇಲೆ "ಬಡ್ಡಿಯ ಹೊರೆ ಇಳಿಸುವೆ, ದುಡಿಯುವವರಿಗೆ ನೆರಳಾಗುವೆ" ಎಂದು ತಮ್ಮ ಆರ್ಥಿಕ ಸಂದೇಶವನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆದವನು ನಾನೇ. ಅದರ ಕೆಳಗೆ, ತಮ್ಮ ಪ್ರಚಾರದ ಖರ್ಚು ನೋಡಿಕೊಂಡು ಪ್ರತಿ ವೇದಿಕೆಯಲ್ಲೂ ತಮ್ಮ ಬಲಗಡೆ ಕೂತ ಫೈನಾನ್ಸ್ ಮಾಲೀಕರ ಅಪ್ಪಣೆಯಂತೆ "ಅರ್ಧ ಗಂಟೆಯಲ್ಲಿ ಸಾಲ, ಒಡವೆ ತಂದರೆ ಸಾಕು" ಎಂದು ಬರೆದವನೂ ನಾನೇ. ಎರಡಕ್ಕೂ ಒಂದೇ ಡಬ್ಬದ ನೀಲಿ ಬಣ್ಣ.

ಗೋಡೆಗೆ ಮೂಗು ತಾಗಿಸಿ ಬರೆಯುವವನಿಗೆ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತದೆ. ಏಣಿ ಹಿಡಿಯುವುದೂ ಸಾಲು ಮುಗಿದ ಮೇಲೆ ರಸ್ತೆ ದಾಟಿ ನಿಂತು ಪೂರ್ತಿ ಓದುವುದೂ ನನ್ನ ಭಾವನ, ಅಂದರೆ ಅಕ್ಕನ ಗಂಡನ ಕೆಲಸ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅಂದೂ ಓದಿ ಬಂದು, "ಅಕ್ಷರ ನೆಟ್ಟಗಿವೆ ಕಣಯ್ಯಾ. ಆದ್ರೆ ಓದೋದು ಶಾಸ್ತ್ರ, ಇಕ್ಕೋದು ಗಾಳ" ಅಂದರು. ಎತ್ತರದಲ್ಲಿರುವವನಿಗೆ ಬುದ್ಧಿ ಹೆಚ್ಚೆಂದು ನಂಬಿದ್ದ ನಾನು, "ಏಣಿ ಹಿಡಿಯೋರಿಗೆ ಅರ್ಥಶಾಸ್ತ್ರ ಯಾಕೆ ಭಾವ?" ಎಂದುಬಿಟ್ಟೆ.

ಫಲಿತಾಂಶದ ದಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ತಮ್ಮ ಸಂದೇಶ ಅಪ್ಪಟ ಚಿನ್ನ, ಜನರಿಗೇ ತಿಳಿವಳಿಕೆ ಸಾಲದು ಎಂದು ವಾದಿಸಿದೆ. ಮಾತು ಚೆನ್ನಾಗಿತ್ತು, ಮಗ್ಗುಲಲ್ಲಿ ಕೂತವರನ್ನು ನೋಡಿ ಜನ ನಂಬಲಿಲ್ಲ ಎಂದರು ಭಾವ. ಕುಣಿಯಲಾರದವಳು ನೆಲ ಡೊಂಕು ಅಂದಂತೆ ನಾನು ಇಡೀ ಕ್ಷೇತ್ರವನ್ನೇ ಡೊಂಕು ಅಂದೆ. ಭಾವ ಕೈ ತೊಳೆದು ಎದ್ದರು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಹೀಗಾಗಿ, ಮಾನ್ಯರೇ, ನಾನೀಗ ಕೈಗೆಟುಕುವಷ್ಟೇ ಎತ್ತರಕ್ಕೆ ಬರೆಯುತ್ತೇನೆ. ಹಲ್ಲಿನ ಡಾಕ್ಟರರ ಹೆಸರನ್ನು ಬಾಗಿಲ ಚಿಲಕದ ಮಟ್ಟದಲ್ಲಿ ಬರೆದು ಬಂದಿದ್ದೇನೆ. ಹಲ್ಲುನೋವೆಂದು ಬಂದವರು ಬೆನ್ನುನೋವನ್ನೂ ಹೊತ್ತು ಹೋಗುತ್ತಿದ್ದಾರೆ. ಅದನ್ನಾದರೂ ಸಹಿಸಬಹುದು, ಹನ್ನೊಂದು ಗಂಟೆಯ ಚಹಾವನ್ನು ಒಬ್ಬನೇ ಕುಡಿಯುವುದು ನನ್ನಿಂದಾಗುತ್ತಿಲ್ಲ.

ಆದಕಾರಣ, ತಾವು ಸೋತದ್ದು ಸಂದೇಶದಿಂದಲೋ ಸಹವಾಸದಿಂದಲೋ ಎಂಬುದಕ್ಕೆ ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಅದಾಗದಿದ್ದರೆ, ಹೇಗೂ ಐದು ವರ್ಷ ಬಿಡುವಿರುವ ತಾವೇ ಬಂದು ಏಣಿಯ ಒಂದು ಕಾಲು ಹಿಡಿಯಬೇಕು, ಇನ್ನೊಂದನ್ನು ಫೈನಾನ್ಸ್ ಮಾಲೀಕರಿಂದ ಹಿಡಿಸಬೇಕು. ಆಗ ಏಣಿ ಹತ್ತಲು ನನಗೆ ಧೈರ್ಯ ಬರುತ್ತದೆಯೇ ಎಂಬುದು ಬೇರೆ ಮಾತು.

ನಿನ್ನೆ ಮೊದಲ ಸಲ ರಸ್ತೆ ದಾಟಿ ನಿಂತು, ನಾನು ಬರೆದದ್ದನ್ನು ಮೇಲಿಂದ ಕೆಳಗಿನವರೆಗೆ ನಾನೇ ಓದಿದೆ. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಭಾವನ ಮುಂದೆ ಇದನ್ನು ಹೇಳಲು ಬಾಯಿ ಬಾರದೆ ತಮಗೆ ಬರೆಯುತ್ತಿದ್ದೇನೆ.

ನೆಲದ ಮೇಲೆ ನಿಂತೇ ಕೈಮುಗಿಯುವ
ತಮ್ಮ ವಿಶ್ವಾಸಿ,
ಗೋಡೆ ಬರೆಯುವವನು

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಅಕ್ಕನಿಗೆ ತೋರಿಸಿದ್ದ ಈ ಪತ್ರವನ್ನು ಅವಳು ನಿನ್ನೆ ರಾತ್ರಿ ಭಾವನಿಗೆ ಓದಿ ಹೇಳಿದಳಂತೆ. ಇಂದು ಬೆಳಿಗ್ಗೆ ಅವರೇ ಬಂದು ಏಣಿ ಹಿಡಿದರು, ಆದ್ದರಿಂದ ತಾವು ದಯಮಾಡಿಸಬೇಕಾಗಿಲ್ಲ. ತಮ್ಮ ಸಾಲಿಗೆ ಸುಣ್ಣ ಬಳಿದು, ಅಲ್ಲಿ ಗೆದ್ದವರಿಗೆ ಅಭಿನಂದನೆ ಬರೆದಿದ್ದೇವೆ. ಕೆಳಗಿನ ಸಾಲು ಹಾಗೇ ಇರಲಿ ಎಂದು ಫೈನಾನ್ಸ್ ಮಾಲೀಕರು ಹೇಳಿಕಳಿಸಿದ್ದರು. ನಾನೂ ಇಳಿದು ರಸ್ತೆ ದಾಟಿ, ಭಾವನ ಪಕ್ಕದಲ್ಲಿ ನಿಂತು ಪೂರ್ತಿ ಓದಿದೆ. ಅಕ್ಷರ ನೆಟ್ಟಗಿವೆ.